ಶೋಗುನ್ ಹೆಣ್ಣಾಗಿದ್ದರೆ?

ಮಕ್ಕಳೇ, ನೀವು ‘ಒಂದು ವೇಳೆ’ ಆಟ ಆಡಿರುತ್ತೀರಿ. ಒಂದು ವೇಳೆ ಮೇಷ್ಟ್ರು ಬೆಂಚಿನ ಮೇಲೆ ಕೂತು, ನಾವು ಕಪ್ಪುಹಲಗೆಯ ಮುಂದೆ ನಿಂತರೆ? ಒಂದು ವೇಳೆ ಇಲಿ ಬೆಕ್ಕನ್ನು ಅಟ್ಟಿಸಿಕೊಂಡು ಹೋದರೆ? ಐದು ನಿಮಿಷ ನಕ್ಕು, ಆಮೇಲೆ ಆಟ ಮರೆತು ತಿಂಡಿಗೆ ಓಡುತ್ತೀರಿ. ಜಪಾನಿನ ಒಬ್ಬ ಚಿತ್ರಕಥೆಗಾರ್ತಿ ಮಾತ್ರ ಈ ಆಟವನ್ನು 16 ವರ್ಷ ಬಿಡದೆ ಆಡಿದರು. ಅವರ ಹೆಸರು ಫೂಮಿ ಯೊಶಿನಾಗಾ. 2004ರಲ್ಲಿ ಶುರು ಮಾಡಿದ ಆಟವನ್ನು ಮುಗಿಸಿದ್ದು 2020ರ ಕೊನೆಯಲ್ಲಿ. ಪುಸ್ತಕವಾಗಿ ಅದು 19 ಸಂಪುಟ ತುಂಬಿತು. ಅವರು ಕೇಳಿಕೊಂಡ ಪ್ರಶ್ನೆ ಇಷ್ಟೇ: ಒಂದು ವೇಳೆ ಜಪಾನನ್ನು ಆಳಿದ ಶೋಗುನ್‌ಗಳು ಹೆಂಗಸರಾಗಿದ್ದರೆ?

ಈ ಚಿತ್ರಕಥೆಯ ಹೆಸರು ‘ಓ-ಓಕು’. ಜಪಾನಿನಲ್ಲಿ ಚಿತ್ರಕಥೆಗೆ ಮಾಂಗಾ ಎನ್ನುತ್ತಾರೆ. ಅದನ್ನು ನಾವು ಕೊನೆಯ ಪುಟ ಅಂದುಕೊಳ್ಳುವ ಕಡೆಯಿಂದ ತೆರೆದು, ಬಲದಿಂದ ಎಡಕ್ಕೆ ಓದಬೇಕು. ಪುಸ್ತಕ ಕೈಗೆತ್ತಿಕೊಂಡಾಗಲೇ ಎಲ್ಲವೂ ತಿರುಗುಮುರುಗು!

ಅಜ್ಜ-ಅಜ್ಜಿಯರಿಗೆ ಮೊದಲೇ ಒಂದು ಮಾತು. ಈ ಪುಸ್ತಕ ದೊಡ್ಡವರಿಗಾಗಿ ಬರೆದದ್ದು. ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಹಾಗಾಗಿ ನಾನು ಇಲ್ಲಿ ಮಕ್ಕಳ ಮುಂದೆ ಹೇಳಬಹುದಾದಷ್ಟು ಕಥೆಯನ್ನು ಮಾತ್ರ ಹೇಳುತ್ತೇನೆ. ಅಷ್ಟರಲ್ಲೇ ನಾವು ಮಾತಾಡಿಕೊಳ್ಳಬೇಕಾದದ್ದು ಬೇಕಾದಷ್ಟಿದೆ.

ಮೊದಲು ನಿಜವಾದ ಇತಿಹಾಸ ನೋಡೋಣ.

1603ರಿಂದ 1868ರವರೆಗೆ ಜಪಾನನ್ನು ತೊಕುಗಾವಾ ಎಂಬ ಮನೆತನ ಆಳಿತು. ಕ್ಯೋತೋ ನಗರದಲ್ಲಿ ಚಕ್ರವರ್ತಿ ಇರುತ್ತಿದ್ದರು, ಆದರೆ ಅಧಿಕಾರವೆಲ್ಲ ಎದೋ ನಗರದ ಕೋಟೆಯಲ್ಲಿದ್ದ ಶೋಗುನ್ ಕೈಯಲ್ಲಿ. ಶೋಗುನ್ ಎಂದರೆ ಮಹಾದಂಡನಾಯಕ ಎಂದುಕೊಳ್ಳಿ. ಆ ಎದೋ ನಗರವೇ ಇವತ್ತಿನ ಟೋಕಿಯೊ. ಒಟ್ಟು 15 ಶೋಗುನ್‌ಗಳು ಆಳಿದರು. ಎಲ್ಲರೂ ಗಂಡಸರು.

ಕೋಟೆಯೊಳಗೆ ಶೋಗುನ್‌ನ ರಾಣಿವಾಸ ಇತ್ತು. ಅದಕ್ಕೇ ಓ-ಓಕು ಎಂದು ಹೆಸರು. ‘ದೊಡ್ಡ ಒಳಮನೆ’ ಎಂದು ಅರ್ಥ ಮಾಡಿಕೊಳ್ಳಬಹುದು. ಶೋಗುನ್‌ನ ತಾಯಿ, ಹೆಂಡತಿ, ಉಪಪತ್ನಿಯರು, ಅವರ ಸೇವಕಿಯರು, ಸೇವಕಿಯರ ಸೇವಕಿಯರು ಹೀಗೆ ನೂರಾರು ಹೆಂಗಸರು ಅಲ್ಲಿ ವಾಸವಾಗಿದ್ದರು. ಹೊರಗಿನ ಅರಮನೆಗೂ ಈ ಒಳಮನೆಗೂ ನಡುವೆ ಬೀಗ ಹಾಕಿದ ಬಾಗಿಲು, ಆಚೆಗೆ ಒಂದು ಓಣಿ. ಶೋಗುನ್ ಬಂದರೆ ಗಂಟೆ ಬಾರಿಸುತ್ತಿದ್ದರು. ಹಾಗಾಗಿ ಅದಕ್ಕೆ ಗಂಟೆ ಓಣಿ ಎಂದೇ ಹೆಸರು. ಒಳಗೆ ಹೋದ ಎಷ್ಟೋ ಹುಡುಗಿಯರು ಮತ್ತೆ ತವರಿನ ಅಂಗಳ ನೋಡಲೇ ಇಲ್ಲ. ಈಗ ಆ ಜಾಗದಲ್ಲಿ ಹುಲ್ಲುಹಾಸಿದೆ. ಟೋಕಿಯೊಗೆ ಹೋದವರು ಅಲ್ಲಿ ಓಡಾಡಿ ಬರಬಹುದು.

ಈ ಒಳಮನೆಗೆ ಕಟ್ಟುನಿಟ್ಟಿನ ರೂಪ ಕೊಟ್ಟವಳು ಕಾಸುಗಾ ಎಂಬ ಹೆಂಗಸು. ಅವಳು 3ನೇ ಶೋಗುನ್ ಇಯೆಮಿತ್ಸುವಿಗೆ ಹಾಲೂಡಿಸಿ ಬೆಳೆಸಿದ ದಾದಿ. 1629ರಲ್ಲಿ ಇಯೆಮಿತ್ಸುವಿಗೆ ಸಿಡುಬು ಬಂತು. ಆಗ ಸಿಡುಬು ಬಂದವರು ಬದುಕುವ ಭರವಸೆ ಇರಲಿಲ್ಲ. ‘ಇವನು ಉಳಿದರೆ ನಾನು ಜನ್ಮದಲ್ಲಿ ಔಷಧಿ ಮುಟ್ಟುವುದಿಲ್ಲ’ ಎಂದು ಕಾಸುಗಾ ಹರಕೆ ಹೊತ್ತಳು. ಇಯೆಮಿತ್ಸು ಉಳಿದ. 1651ರವರೆಗೂ ಆಳಿದ.

ಯೊಶಿನಾಗಾ ತಮ್ಮ ‘ಒಂದು ವೇಳೆ’ಯನ್ನು ಇಟ್ಟದ್ದು ಇಲ್ಲೇ. ಗೋಡೆಯಿಂದ ಒಂದೇ ಒಂದು ಇಟ್ಟಿಗೆ ಕಿತ್ತು ಬೇರೆ ಇಟ್ಟಿಗೆ ಕೂರಿಸಿದ ಹಾಗೆ.

ಅವರ ಕಥೆಯಲ್ಲಿ ಬೆಟ್ಟದ ಹಳ್ಳಿಯೊಂದರಲ್ಲಿ ಹುಡುಗನೊಬ್ಬನನ್ನು ಕರಡಿ ಗಾಯಗೊಳಿಸುತ್ತದೆ. ಅವನಿಗೆ ವಿಚಿತ್ರವಾದ ಸಿಡುಬು ಬರುತ್ತದೆ. ಮುಖವೆಲ್ಲ ಕೆಂಪಾಗಿ ಊದಿಕೊಳ್ಳುವುದರಿಂದ ಜನ ಅದನ್ನು ‘ಕೆಂಪು ಮುಖದ ಸಿಡುಬು’ ಎನ್ನುತ್ತಾರೆ. ಈ ರೋಗ ಹೆಣ್ಣುಮಕ್ಕಳನ್ನು ಮುಟ್ಟುವುದಿಲ್ಲ, ಗಂಡುಮಕ್ಕಳನ್ನು ಬಿಡುವುದಿಲ್ಲ. ಊರಿಂದ ಊರಿಗೆ ಹಬ್ಬಿ, ಕೆಲವೇ ದಶಕಗಳಲ್ಲಿ ದೇಶದ ಗಂಡಸರ ಸಂಖ್ಯೆ ಹೆಂಗಸರ ಕಾಲು ಭಾಗಕ್ಕೆ ಇಳಿಯುತ್ತದೆ.

ಇಯೆಮಿತ್ಸು ಕೂಡ ಆ ರೋಗಕ್ಕೆ ಬಲಿಯಾಗುತ್ತಾನೆ. ಗಂಡು ವಾರಸುದಾರ ಇಲ್ಲ. ಸುದ್ದಿ ಹೊರಬಿದ್ದರೆ ಮತ್ತೆ ಯುದ್ಧ. ಕಾಸುಗಾ ಯಾರಿಗೂ ಹೇಳದೆ, ಹೊರಗೆಲ್ಲೋ ಬೆಳೆಯುತ್ತಿದ್ದ ಅವನ ಮಗಳನ್ನು ಹಿಡಿದು ತರಿಸುತ್ತಾಳೆ. ಆ ಹುಡುಗಿಯ ಕೂದಲು ಕತ್ತರಿಸಿ, ಗಂಡಸಿನ ಉಡುಪು ತೊಡಿಸಿ, ‘ಇನ್ನು ನೀನೇ ಇಯೆಮಿತ್ಸು’ ಎನ್ನುತ್ತಾಳೆ. ಅವಳ ಸ್ವಂತ ಹೆಸರೂ ಹೋಯಿತು, ಬಾಲ್ಯವೂ ಹೋಯಿತು. ಮುಂದೆ ಅವಳು ತಾನು ಹೆಣ್ಣೆಂದು ಎಲ್ಲರ ಮುಂದೆ ತೋರಿಸಿಕೊಂಡು ಆಳುತ್ತಾಳೆ. ಅಲ್ಲಿಂದ ಶೋಗುನ್ ಪಟ್ಟ ಹೆಣ್ಣಿನಿಂದ ಹೆಣ್ಣಿಗೆ. ಗಂಟೆ ಓಣಿಯ ಆಚೆ, ಬೀಗ ಹಾಕಿದ ಬಾಗಿಲ ಹಿಂದೆ ಈಗ ಇರುವವರು ಗಂಡಸರು.

ಉಳಿದದ್ದನ್ನೆಲ್ಲ ಯೊಶಿನಾಗಾ ಇದ್ದ ಹಾಗೇ ಇಟ್ಟರು. ಕಥೆಯ ಸೊಗಸು ಇರುವುದೇ ಇದರಲ್ಲಿ. 5ನೇ ಶೋಗುನ್ ತ್ಸುನಾಯೊಶಿ ನಾಯಿಗಳನ್ನು ಹೊಡೆಯಬಾರದು, ಕೊಲ್ಲಬಾರದು ಎಂದು ಕಾನೂನು ಮಾಡಿದ್ದು ನಿಜವಾದ ಇತಿಹಾಸ. ಅವನನ್ನು ಜನ ‘ನಾಯಿ ಶೋಗುನ್’ ಎಂದು ಆಡಿಕೊಳ್ಳುತ್ತಿದ್ದರು. ಮಾಂಗಾದಲ್ಲೂ ಅದೇ ಹೆಸರು, ಅದೇ ನಾಯಿ ಕಾನೂನು. ಶೋಗುನ್ ಮಾತ್ರ ಹೆಂಗಸು. ಸುಮಾರು 1640ರ ಹೊತ್ತಿಗೆ ಜಪಾನ್ ಹೊರದೇಶದವರಿಗೆ ಬಾಗಿಲು ಹಾಕಿಕೊಂಡಿತು. ಡಚ್ಚರನ್ನು ನಾಗಸಾಕಿಯ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಮಾತ್ರ ಇರಗೊಟ್ಟರು. ಇದೂ ನಿಜ. ಮಾಂಗಾ ಅದಕ್ಕೊಂದು ಹೊಸ ಕಾರಣ ಕೊಡುತ್ತದೆ: ‘ನಮ್ಮಲ್ಲಿ ಗಂಡಸರೇ ಇಲ್ಲ ಎಂದು ಹೊರಗಿನವರಿಗೆ ಗೊತ್ತಾದರೆ ದಂಡೆತ್ತಿ ಬಂದಾರು, ಬಾಗಿಲು ಹಾಕಿ!’

ಇನ್ನು 8ನೇ ಶೋಗುನ್ ಯೊಶಿಮುನೆ. ಇವನು ಭಾರೀ ಮಿತವ್ಯಯಿ. ಒಳಮನೆಯ ಖರ್ಚು ಇಳಿಸಲು ಅಲ್ಲಿನ ಅತಿ ಸುಂದರಿಯರಾದ 50 ಹೆಂಗಸರ ಪಟ್ಟಿ ಮಾಡಿಸಿದನಂತೆ. ಎಲ್ಲರೂ ‘ನಮ್ಮ ಭಾಗ್ಯ ತೆರೆಯಿತು’ ಎಂದು ಸಿಂಗರಿಸಿಕೊಂಡು ಬಂದರೆ, ‘ನೀವೆಲ್ಲ ಮನೆಗೆ ಹೋಗಿ. ಚೆಲುವೆಯರಿಗೆ ಹೊರಗೆ ಸುಲಭವಾಗಿ ಮದುವೆಯಾಗುತ್ತದೆ’ ಎಂದನಂತೆ. ಇದು ಜಪಾನಿನಲ್ಲಿ ಹೆಸರಾದ ಕಥೆ. ಮಾಂಗಾದ ಯೊಶಿಮುನೆ ಹೆಂಗಸು. ಅವಳೂ 50 ಜನ ಸುಂದರಾಂಗರನ್ನು ಸಾಲಾಗಿ ನಿಲ್ಲಿಸಿ ಅದೇ ಮಾತು ಹೇಳಿ ಮನೆಗೆ ಕಳಿಸುತ್ತಾಳೆ.

ಗಂಡಸಿನ ಬಾಯಲ್ಲಿ ಆ ಮಾತು ಕೇಳಿದಾಗ ನನಗೆ ಬರೀ ಜಾಣತನ ಕಂಡಿತ್ತು. ಹೆಂಗಸಿನ ಬಾಯಲ್ಲಿ ಕೇಳಿದಾಗ ಆ ಸಾಲಿನಲ್ಲಿ ನಿಂತ ಹುಡುಗರ ಮುಖ ಕಂಡಿತು. ಪಾಪ, ಇವರ ಬೆಲೆ ಬರೀ ಮುಖ ನೋಡಿ ಕಟ್ಟಿದರಲ್ಲ ಅನ್ನಿಸಿತು. ಅದುವರೆಗೂ ಸಾಲಿನಲ್ಲಿ ನಿಂತ ಹುಡುಗಿಯರ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. ಅದಲುಬದಲು ಕಥೆ ಮಾಡುವ ಕೆಲಸ ಇದೇ. ಕಣ್ಣಿಗೆ ರೂಢಿಯಾಗಿ ಕಾಣದೇ ಹೋದದ್ದನ್ನು ತಿರುಗಿಸಿ ಇಟ್ಟು ಕಾಣಿಸುತ್ತದೆ.

ಮಾಂಗಾದ ಜಪಾನಿನಲ್ಲಿ ಹೊಲ ಉಳುವವರು, ಮನೆ ಕಟ್ಟುವವರು, ಅಂಗಡಿ ನಡೆಸುವವರು, ದರಬಾರಿನಲ್ಲಿ ವಾದ ಮಾಡುವವರು ಎಲ್ಲ ಹೆಂಗಸರು. ಗಂಡುಮಗುವನ್ನು ಮಾತ್ರ ಗಾಳಿ ತಾಗದಂತೆ ಸಾಕುತ್ತಾರೆ. ಗಂಡ ಬೇಕೆಂದರೆ ಹಣವಿರಬೇಕು. ಮಿಜುನೊ ಎಂಬ ಬಡ ಸಮುರಾಯಿ ಮನೆಯ ಹುಡುಗ ತನ್ನ ಬಾಲ್ಯದ ಗೆಳತಿಯನ್ನು ಇಷ್ಟಪಡುತ್ತಾನೆ. ಆದರೆ ಮನೆಯ ಕಷ್ಟ ನೋಡಲಾರದೆ, ಸಂಬಳದ ಆಸೆಗೆ ಓ-ಓಕು ಸೇರುತ್ತಾನೆ. ಅಲ್ಲಿ ಒಂದು ಕ್ರೂರವಾದ ಹಳೆಯ ನಿಯಮಕ್ಕೆ ಅವನ ಪ್ರಾಣ ಹೋಗಬೇಕಾಗುತ್ತದೆ. ಯೊಶಿಮುನೆ ಅವನು ಸತ್ತನೆಂದು ಲೆಕ್ಕಕ್ಕೆ ಬರೆಸಿ, ಬೇರೆ ಹೆಸರು ಕೊಟ್ಟು, ಗೆಳತಿಯ ಬಳಿಗೆ ಕಳಿಸಿಬಿಡುತ್ತಾಳೆ.

ಇಷ್ಟು ಕಥೆಯನ್ನು ಒಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. 4ನೇ ತರಗತಿಯ ಮೊಮ್ಮಗ ತುತ್ತು ಕೈಯಲ್ಲೇ ಹಿಡಿದು ಕೇಳಿದ:

“ಅಜ್ಜೀ, ಆ ಹುಡುಗರನ್ನ ಹೊರಗೆ ಆಟಕ್ಕೂ ಬಿಡ್ತಿರಲಿಲ್ವಾ?”

“ಇಲ್ಲಪ್ಪ. ಎಲ್ಲಿ ಏನಾಗುತ್ತೋ ಅಂತ ಭಯ.”

“ಅದು ಅನ್ಯಾಯ ಅಲ್ವಾ?”

7ನೇ ತರಗತಿಯ ಅವನ ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. “ಸಂಜೆ 6 ಗಂಟೆ ಆದ ತಕ್ಷಣ ‘ಒಳಗೆ ಬಾ’ ಅಂತ ನನ್ನೊಬ್ಬಳನ್ನೇ ಕರೀತಾರಲ್ಲ, ಅದೇನು?” ಅಂದಳು.

“ಕತ್ತಲಾಗುತ್ತಲ್ಲ, ಅದಕ್ಕೆ” ಎಂದಳು ನನ್ನ ಸೊಸೆ.

ಮೊಮ್ಮಗ ಯೋಚಿಸಿ ಕೇಳಿದ: “ಕತ್ತಲು ನನಗೂ ಆಗುತ್ತಲ್ಲಮ್ಮ?”

ಮಗ ಕೆಮ್ಮಿದ. ಸೊಸೆ ನನ್ನ ಮುಖ ನೋಡಿದಳು. ಮಾತು ಅಲ್ಲಿಗೇ ಮುಗಿಯಲಿಲ್ಲ, ಮೂರು ದಿನ ನಡೆಯಿತು. ರಸ್ತೆಯ ದೀಪ, ಬೀದಿನಾಯಿ, ಪಕ್ಕದ ಖಾಲಿ ಸೈಟು ಎಲ್ಲ ಚರ್ಚೆಗೆ ಬಂದವು. ಹೆದರಿಕೆಗೆ ಕಾರಣಗಳೇ ಇಲ್ಲ ಎಂದು ನಾನೇನೂ ಹೇಳುವುದಿಲ್ಲ. ಆದರೆ ಹೆದರಿಕೆಯ ಬೆಲೆಯನ್ನು ಒಬ್ಬಳೇ ಏಕೆ ಕೊಡಬೇಕು ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಒಳ್ಳೆಯ ಉತ್ತರ ಸಿಗಲಿಲ್ಲ. ಈಗ ಇಬ್ಬರಿಗೂ ಆರೂವರೆ. ಅಪ್ಪ ಗೇಟಿನ ಹತ್ತಿರ ನಿಂತಿರುತ್ತಾನೆ.

ಹಾಗಂತ ಈ ಮಾಂಗಾ ಹೆಂಗಸರು ಆಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವುದಿಲ್ಲ. ಅಲ್ಲಿ ಪ್ರಜೆಗಳ ಕಷ್ಟ ಕೇಳುವ ಯೊಶಿಮುನೆ ಇದ್ದಾಳೆ. ಅಧಿಕಾರಕ್ಕಾಗಿ ವಿಷವಿಕ್ಕಲೂ ಹೇಸದ ಹೆಂಗಸೂ ಇದ್ದಾಳೆ. ಜಾಣ ಗಂಡಸರಿದ್ದಾರೆ, ಹೊಟ್ಟೆಕಿಚ್ಚಿನ ಗಂಡಸರಿದ್ದಾರೆ. ಬೀಗ ಹಾಕಿದ ಬಾಗಿಲ ಹಿಂದೆ ಯಾರನ್ನೇ ಕೂಡಿಹಾಕಿದರೂ ಸಣ್ಣ ಸಣ್ಣ ಜಗಳ, ಚಾಡಿ, ಕಣ್ಣೀರು ಹುಟ್ಟುತ್ತವೆ. ‘ಹೆಂಗಸರ ಬುದ್ಧಿಯೇ ಹಾಗೆ’ ಎಂದು ನಾವು ಹೇಳಿಕೊಂಡು ಬಂದದ್ದು ಬಾಗಿಲ ಗುಣ, ಬುದ್ಧಿಯ ಗುಣವಲ್ಲ ಎಂದು ಆ ಗಂಡಸರನ್ನು ನೋಡಿದರೆ ಗೊತ್ತಾಗುತ್ತದೆ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಚಿಕ್ಕ ಪ್ರಶ್ನೆ. ಪಟ್ಟಕ್ಕೆ ಬಂದ ಯೊಶಿಮುನೆಗೆ ಒಂದು ವಿಷಯ ವಿಚಿತ್ರ ಎನ್ನಿಸುತ್ತದೆ. ದರಬಾರಿಗೆ ಬರುವ ಅಧಿಕಾರಿಗಳೆಲ್ಲ ಹೆಂಗಸರು, ಆದರೆ ಕಡತದಲ್ಲಿ ಅವರ ಹೆಸರುಗಳೆಲ್ಲ ಗಂಡಸರವು. ಅವಳ ಹೆಸರೂ ಹಾಗೇ. ‘ಯಾಕೆ ಹೀಗೆ?’ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮೊದಲಿನಿಂದಲೂ ಹೀಗೇ ಎನ್ನುತ್ತಾರೆ. ಮೊದಲು ಎಂದರೆ ಯಾವಾಗ? ರೋಗ ಬಂದು ನೂರು ವರ್ಷವೂ ಆಗಿರುವುದಿಲ್ಲ! ಗಂಡಸರು ಆಳಿದ ಕಾಲವನ್ನು ಅಷ್ಟರಲ್ಲೇ ಎಲ್ಲರೂ ಮರೆತಿರುತ್ತಾರೆ. ಕೊನೆಗೆ ಒಳಮನೆಯಲ್ಲಿ ಹಣ್ಣು ಹಣ್ಣು ಮುದುಕನಾದ ಮುರಾಸೆ ಎಂಬ ಬರಹಗಾರ ಸಿಗುತ್ತಾನೆ. ಅವನು ಹುಡುಗನಾಗಿದ್ದಾಗಿನಿಂದ ನಡೆದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತಾನೆ. ಯೊಶಿಮುನೆ ರಾತ್ರಿಯೆಲ್ಲ ಕೂತು ಅದನ್ನು ಓದುತ್ತಾಳೆ. ಆಗಲೇ ಅವಳಿಗೆ, ಅವಳ ಜೊತೆ ನಮಗೂ, ನಡೆದ ಕಥೆ ತಿಳಿಯುವುದು.

‘ಮೊದಲಿನಿಂದಲೂ ಹೀಗೇ’ ಎಂಬ ಮಾತನ್ನು ನಂಬಬೇಡಿ ಎನ್ನುವುದಕ್ಕೆ ನಿಜವಾದ ಜಪಾನಿನಲ್ಲೂ ಸಾಕ್ಷಿಗಳಿವೆ. ಒಂದೇ ವರ್ಷವನ್ನು ನೋಡಿ: ಇಯೆಮಿತ್ಸುವಿಗೆ ಸಿಡುಬು ಬಂದ ಅದೇ 1629.

ಆ ವರ್ಷ ಹೆಂಗಸರು ಕಬುಕಿ ರಂಗದ ಮೇಲೆ ಕಾಣಿಸಿಕೊಳ್ಳಬಾರದು ಎಂದು ಸರ್ಕಾರ ಆಜ್ಞೆ ಮಾಡಿತು. ಕಬುಕಿ ಜಪಾನಿನ ಪ್ರಸಿದ್ಧ ನಾಟಕ ಕಲೆ. ಅದನ್ನು ಶುರು ಮಾಡಿದವಳೇ ಒಕುನಿ ಎಂಬ ಹೆಂಗಸು, 1603ರ ಸುಮಾರಿಗೆ, ಕ್ಯೋತೋದಲ್ಲಿ. ತಾನು ಹುಟ್ಟಿಸಿದ ಕಲೆಯಿಂದ ಹೆಣ್ಣೇ ಹೊರಗಾದಳು. ಅಲ್ಲಿಂದ ಇಲ್ಲಿಯವರೆಗೆ ಕಬುಕಿಯ ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಾರೆ, ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆ. ಕಬುಕಿ ಎಂದರೆ ಮೊದಲಿನಿಂದಲೂ ಗಂಡಸರದೇ ಎಂದು ಇವತ್ತು ಎಷ್ಟೋ ಜನ ತಿಳಿದಿದ್ದಾರೆ.

ಅದೇ 1629ರಲ್ಲಿ ಇನ್ನೊಂದು ಘಟನೆ. ಚಕ್ರವರ್ತಿ ಪಟ್ಟಕ್ಕೆ ಬಂದವಳು ಮೇಶೋ ಎಂಬ ಪುಟ್ಟ ಹುಡುಗಿ! ಅವಳಿಗೆ ಆಗ 6 ವರ್ಷವೂ ತುಂಬಿರಲಿಲ್ಲ. ಇಯೆಮಿತ್ಸುವಿನ ತಂಗಿಯ ಮಗಳು. ಕಥೆಯಲ್ಲಲ್ಲ, ನಿಜವಾಗಿ. ಜಪಾನಿನ ಸಿಂಹಾಸನದ ಮೇಲೆ ಒಟ್ಟು 8 ಜನ ಹೆಂಗಸರು ಕೂತಿದ್ದಾರೆ. ಮೊದಲನೆಯವಳು ಸುಯಿಕೊ, 592ರಲ್ಲಿ ಪಟ್ಟಕ್ಕೆ ಬಂದವಳು. ಕೊನೆಯವಳು ಗೊ-ಸಕುರಾಮಾಚಿ, 1771ರಲ್ಲಿ ಪಟ್ಟ ಬಿಟ್ಟವಳು. 1889ರಲ್ಲಿ ಒಂದು ಕಾನೂನು ಬಂತು: ಇನ್ನು ಮುಂದೆ ಸಿಂಹಾಸನ ಗಂಡುಮಕ್ಕಳಿಗೆ ಮಾತ್ರ. ಆ ನಿಯಮ ಈಗಲೂ ಇದೆ. ಈಗಿನ ಚಕ್ರವರ್ತಿ ನರುಹಿತೊ ಅವರಿಗೆ ಇರುವುದು ಒಬ್ಬಳೇ ಮಗಳು, ಐಕೊ. ಅವರು ಪಟ್ಟಕ್ಕೆ ಬರುವಂತಿಲ್ಲ. ಬರಬಹುದೇ ಎಂಬ ಚರ್ಚೆ ಜಪಾನಿನಲ್ಲಿ ಮತ್ತೆ ಮತ್ತೆ ಏಳುತ್ತಿರುತ್ತದೆ. ಚಿತ್ರಕಥೆಯ ‘ಒಂದು ವೇಳೆ’ ಅಲ್ಲಿನ ಜನರಿಗೆ ಬರೀ ಆಟವಲ್ಲ.

ಈಗ ಮತ್ತೆ ಕಥೆಗೆ ಬರೋಣ. ಆ ಕೆಂಪು ಮುಖದ ಸಿಡುಬು ಏನಾಯಿತು?

ಡಚ್ ತಂದೆಗೆ ಹುಟ್ಟಿದ ಆಒನುಮಾ ಎಂಬ ನೀಲಿ ಕಣ್ಣಿನ ವೈದ್ಯ ಓ-ಓಕುಗೆ ಬರುತ್ತಾನೆ. ಅವನ ಜೊತೆ ದೇಶವೆಲ್ಲ ಸುತ್ತಿ ಸುಳಿವು ಹುಡುಕುವವಳು ಹಿರಾಗಾ ಗೆನ್ನಾಯಿ. ನಿಜವಾದ ಇತಿಹಾಸದಲ್ಲಿ ಗೆನ್ನಾಯಿ ಗಂಡಸು. ಡಚ್ಚರು ತಂದ ವಿದ್ಯುತ್ ಯಂತ್ರವೊಂದನ್ನು ದುರಸ್ತಿ ಮಾಡಿ ಜನರನ್ನು ಬೆರಗುಗೊಳಿಸಿದ ಬಹುಮುಖ ಪ್ರತಿಭೆ. ರೋಗ ಹಗುರವಾಗಿ ಬಂದವರಿಂದ ಚೂರು ತೆಗೆದು ಆರೋಗ್ಯವಂತರಿಗೆ ಕೊಟ್ಟರೆ ಅವರಿಗೆ ಮತ್ತೆ ಆ ರೋಗ ಬರುವುದಿಲ್ಲ ಎಂದು ಇವರು ಕಂಡುಹಿಡಿಯುತ್ತಾರೆ. ಗೆಲುವು ಸುಲಭವಾಗಿ ಬರುವುದಿಲ್ಲ. ಆಒನುಮಾ ತನ್ನ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಶಿಷ್ಯರು ಕೆಲಸ ಮುಂದುವರಿಸುತ್ತಾರೆ. ಕೊನೆಗೆ ರೋಗ ಸೋಲುತ್ತದೆ. ಗಂಡುಮಕ್ಕಳು ಮತ್ತೆ ಬೀದಿಯಲ್ಲಿ ಆಡುತ್ತಾರೆ.

ಇಲ್ಲಿ ಅಜ್ಜ-ಅಜ್ಜಿಯರ ತೋಳು ನೋಡಬೇಕು ಮಕ್ಕಳೇ. ಮೇಲ್ತೋಳಿನಲ್ಲಿ ರೂಪಾಯಿ ನಾಣ್ಯದಷ್ಟು ತಗ್ಗಾದ ಕಲೆ ಇದೆಯೇ? ಸಿಡುಬಿಗೆ ಲಸಿಕೆ ಹಾಕಿಸಿಕೊಂಡ ಗುರುತು ಅದಾಗಿರಬಹುದು. ಆಗ ‘ದಾಕು ಹಾಕಿಸುವುದು’ ಎನ್ನುತ್ತಿದ್ದರು. ರೋಗಕ್ಕೆ ‘ಅಮ್ಮ’ ಎಂದು ಹೆಸರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಪ್ರಪಂಚ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ನಿಮ್ಮ ತೋಳಿನಲ್ಲಿ ಆ ಗುರುತು ಇಲ್ಲದಿರುವುದಕ್ಕೆ ಇದೇ ಕಾರಣ.

ಜಪಾನಿಗೆ ಸಿಡುಬಿನ ಲಸಿಕೆ ಸರಿಯಾಗಿ ತಲುಪಿದ್ದು 1849ರಲ್ಲಿ, ನಾಗಸಾಕಿಯ ಮೂಲಕ. ನಮ್ಮ ಮೈಸೂರಿಗೆ ಅದಕ್ಕಿಂತ 40 ವರ್ಷಕ್ಕೂ ಮೊದಲೇ ಬಂದಿತ್ತು. ಆ ಕಾಲಕ್ಕೆ ಸೇರಿದ, ಸುಮಾರು 1805ರ ಒಂದು ವರ್ಣಚಿತ್ರವಿದೆ. ಥಾಮಸ್ ಹಿಕಿ ಬರೆದ ಆ ಚಿತ್ರದಲ್ಲಿ ಮೂವರು ಹೆಂಗಸರು ನಿಂತಿದ್ದಾರೆ. ಅವರು ಯಾರೋ ನರ್ತಕಿಯರು ಎಂದು ಬಹಳ ಕಾಲ ಜನ ತಿಳಿದಿದ್ದರು. ಅವರು ಮೈಸೂರು ಅರಮನೆಯ ರಾಣಿವಾಸದವರು, ಲಸಿಕೆಗೆ ಜನ ಹೆದರಬಾರದೆಂದು ತಾವೇ ಮುಂದೆ ಬಂದು ಚಿತ್ರ ಬರೆಸಿಕೊಂಡರು ಎಂದು ಇತಿಹಾಸಕಾರರೊಬ್ಬರು ಈಚೆಗೆ ವಿವರಿಸಿದ್ದಾರೆ. ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳಂತೆ. ಅವರು ಹೇಳುವುದು ಸರಿಯಾಗಿದ್ದರೆ, ಜನರ ಜೀವ ಉಳಿಸಲು ನಿಂತ ರಾಣಿಯರ ಗುರುತು ಇನ್ನೂರು ವರ್ಷದಲ್ಲಿ ಅಳಿಸಿಹೋಗಿತ್ತು ಎಂದಾಯಿತು.

ಮಾಂಗಾದ ಕೊನೆಯೂ ಇಂಥ ಮರೆವಿನ ಬಗ್ಗೆಯೇ. ರೋಗ ಹೋಯಿತು, ಗಂಡಸರ ಸಂಖ್ಯೆ ಹೆಚ್ಚಿತು. 1868ರಲ್ಲಿ ಶೋಗುನ್ ಆಳ್ವಿಕೆ ಮುಗಿಯಿತು. ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಹೆಂಗಸರು ದೇಶ ಆಳಿದ್ದೇ ನಾಚಿಕೆಯ ವಿಷಯ. ಹೆಣ್ಣು ಶೋಗುನ್‌ಗಳ ನೆನಪನ್ನೇ ಅಳಿಸಿಹಾಕುತ್ತಾರೆ. ಮುರಾಸೆ ಶುರು ಮಾಡಿದ ದಾಖಲೆಯೂ ಉಳಿಯುವುದಿಲ್ಲ. ಕಡತದಲ್ಲಿ ಹೇಗೂ ಗಂಡಸರ ಹೆಸರುಗಳೇ ಇದ್ದವಲ್ಲ! ಹೀಗೆ ಕಥೆಯ ಇತಿಹಾಸ ಬಂದು ನಮ್ಮ ಪಠ್ಯಪುಸ್ತಕದ ಇತಿಹಾಸಕ್ಕೆ ಸೇರಿಕೊಳ್ಳುತ್ತದೆ. 15 ಶೋಗುನ್‌ಗಳು. ಎಲ್ಲರೂ ಗಂಡಸರು.

ಕೊನೆಯಲ್ಲಿ ಅಮೆರಿಕಕ್ಕೆ ಹೊರಟ ಒಂದು ಹಡಗು ಬರುತ್ತದೆ. ಅದರಲ್ಲಿ ಒಬ್ಬ ಪುಟ್ಟ ಹುಡುಗಿ. ಹಿಂದಿನದನ್ನೆಲ್ಲ ಕಂಡಿದ್ದ ಹಿರಿಯರೊಬ್ಬರು ಅವಳಿಗೆ ಗುಟ್ಟಾಗಿ ಹೇಳುತ್ತಾರೆ: ಈ ದೇಶವನ್ನು ಹಿಂದೆ ಹೆಂಗಸರು ಆಳಿದ್ದರು.

ಆ ಹುಡುಗಿ ಕಲ್ಪನೆಯವಳಲ್ಲ. ಅವಳ ಹೆಸರು ತ್ಸುದಾ ಉಮೆ. 1871ರ ಕೊನೆಗೆ ಜಪಾನ್ ಸರ್ಕಾರ ಓದಲೆಂದು ಅಮೆರಿಕಕ್ಕೆ ಕಳಿಸಿದ 5 ಹುಡುಗಿಯರಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. ಆಗ ಅವಳಿಗೆ 6 ವರ್ಷ. 11 ವರ್ಷ ಅಲ್ಲಿದ್ದು 1882ರಲ್ಲಿ ಮರಳಿ ಬಂದಾಗ ತಾಯ್ನುಡಿಯೇ ಮರೆತುಹೋದಂತಾಗಿತ್ತು. ಮತ್ತೆ ಕಲಿತಳು. 1900ರಲ್ಲಿ ಟೋಕಿಯೊದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದಳು. ಮೊದಲ ದಿನ ಇದ್ದದ್ದು 10 ವಿದ್ಯಾರ್ಥಿನಿಯರು. ಅದೇ ಇಂದಿನ ತ್ಸುದಾ ವಿಶ್ವವಿದ್ಯಾಲಯ. 2024ರಿಂದ ಜಪಾನಿನ 5000 ಯೆನ್ ನೋಟಿನ ಮೇಲೆ ಅವಳ ಚಿತ್ರವಿದೆ.

ಕಲ್ಪನೆಯ ಕಥೆಯನ್ನು ಯೊಶಿನಾಗಾ ತಂದು ಒಬ್ಬ ನಿಜವಾದ ಹುಡುಗಿಯ ಕೈಗೆ ಕೊಟ್ಟುಬಿಟ್ಟರು ನೋಡಿ! ಇಂಥ ಕೆಲಸಕ್ಕೆ 2009ರಲ್ಲಿ ಅವರಿಗೆ ತೆಜುಕಾ ಒಸಾಮು ಹೆಸರಿನ ಪ್ರಶಸ್ತಿಯ ಮಹಾ ಬಹುಮಾನ ಬಂತು. ತೆಜುಕಾ ಎಂದರೆ ಜಪಾನಿನ ಮಾಂಗಾಕ್ಕೆ ಪಿತಾಮಹರಂತೆ ಇದ್ದವರು. ಅವರು ಬೆಳೆದದ್ದು ತಕರಾಜುಕಾ ಎಂಬ ಊರಿನಲ್ಲಿ. ಆ ಊರಿನ ನಾಟಕ ಕಂಪನಿಯಲ್ಲಿ 1914ರಿಂದಲೂ ಎಲ್ಲ ಪಾತ್ರಗಳನ್ನು ಹೆಂಗಸರೇ ಮಾಡುತ್ತಾರೆ, ರಾಜಕುಮಾರ, ಸೈನಿಕ ಎಲ್ಲ. ಆ ನಾಟಕಗಳನ್ನು ನೋಡಿ ಬೆಳೆದ ತೆಜುಕಾ 1953ರಲ್ಲಿ ರಾಜಕುಮಾರನ ವೇಷ ತೊಟ್ಟು ಕತ್ತಿ ಹಿಡಿಯುವ ರಾಜಕುಮಾರಿಯ ಮಾಂಗಾ ಶುರು ಮಾಡಿದರು. ಆ ಕಥೆ ಮಕ್ಕಳಿಗೆಂದೇ ಬರೆದದ್ದು. ಓ-ಓಕು ಓದಲು ನೀವು ದೊಡ್ಡವರಾಗಬೇಕು, ರಾಜಕುಮಾರಿಯನ್ನು ಈಗಲೇ ಓದಬಹುದು.

ನಮ್ಮ ದೇಶದಲ್ಲೂ ಈ ಆಟವನ್ನು ಬಹಳ ಹಿಂದೆಯೇ ಆಡಿದವರಿದ್ದಾರೆ. ಬಂಗಾಳದ ರೊಕೆಯಾ ಸಖಾವತ್ ಹುಸೇನ್ 1905ರಲ್ಲಿ ‘ಸುಲ್ತಾನಳ ಕನಸು’ ಎಂಬ ಸಣ್ಣ ಕಥೆ ಬರೆದರು. ಅದು ಅಚ್ಚಾದದ್ದು ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ. ಅದರಲ್ಲಿ ಹೆಂಗಸರು ಬಿಸಿಲಿನ ಶಾಖದಿಂದ ಅಡುಗೆ ಮಾಡುತ್ತಾರೆ, ಮೋಡದಿಂದ ನೀರು ಇಳಿಸಿಕೊಳ್ಳುತ್ತಾರೆ, ರಾಜ್ಯ ನಡೆಸುತ್ತಾರೆ. ಗಂಡಸರು ಪರದೆಯ ಹಿಂದೆ ಇರುತ್ತಾರೆ. ಅಜ್ಜ-ಅಜ್ಜಿ ಒಂದು ಸಂಜೆ ಕೂತು ಹೇಳಬಹುದಾದಷ್ಟೇ ಉದ್ದದ ಕಥೆ.

ಸರಿ, ಈ ವಾರದ ಕೆಲಸಕ್ಕೆ ಬರೋಣ. ಮಕ್ಕಳೇ, ನೀವು ಯೊಶಿಮುನೆ. ನಿಮ್ಮ ಅಜ್ಜ-ಅಜ್ಜಿ ಮುರಾಸೆ. ಒಂದು ನೋಟುಪುಸ್ತಕ ಹಿಡಿದು ಅವರ ಮುಂದೆ ಕೂತುಕೊಳ್ಳಿ. ಅವರ ಅಮ್ಮನ ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮನೆಯ ಯಾವ ಕೆಲಸ ಯಾರು ಮಾಡುತ್ತಿದ್ದರು? ನೀರು ಸೇದುವವರು ಯಾರು? ಸಂತೆಗೆ ಹೋಗುವವರು ಯಾರು? ದುಡ್ಡು ಯಾರ ಕೈಯಲ್ಲಿ ಇರುತ್ತಿತ್ತು? ಶಾಲೆಗೆ ಯಾರನ್ನು ಕಳಿಸಿದರು, ಯಾರನ್ನು ಬಿಡಿಸಿದರು? ಹೆಸರು ಸಮೇತ ಬರೆದುಕೊಳ್ಳಿ. ಅಜ್ಜಿಯ ಅಜ್ಜಿಯ ಹೆಸರು ಕೇಳಿ. ಅಜ್ಜನ ಅಜ್ಜನ ಹೆಸರು ಥಟ್ಟನೆ ಬಂದು, ಅಜ್ಜಿಯ ಅಜ್ಜಿಯ ಹೆಸರಿಗೆ ಎಲ್ಲರೂ ತಲೆ ಕೆರೆದುಕೊಂಡರೆ ಅದನ್ನೂ ಬರೆಯಿರಿ.

ಅಜ್ಜ-ಅಜ್ಜಿಯರೇ, ನಡುವೆ ಮಕ್ಕಳು ‘ಯಾಕೆ ಹಾಗೆ?’ ಎಂದು ಕೇಳಿದರೆ ‘ಮೊದಲಿನಿಂದಲೂ ಹಾಗೇ’ ಎನ್ನುವ ಉತ್ತರವನ್ನು ಈ ಒಂದು ವಾರ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಗೊತ್ತಿದ್ದರೆ ಕಾರಣ ಹೇಳಿ. ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ಬರೆದದ್ದನ್ನು ಒಂದು ಪುಟಕ್ಕೆ ಇಳಿಸಿ ನನಗೆ ಕಳಿಸಿ. ಆಯ್ದ ಕೆಲವನ್ನು ಮುಂದೆ ಇದೇ ಪುಟದಲ್ಲಿ ಓದೋಣ.